ಒಳಲೆಯ ತಳದ ನೀಲಿ

ಅತ್ತೆ ಮಗುವಿಗೆ ಹಾಲು ಕುಡಿಸುವಾಗ ಗೋಡೆಯ ಕಡೆಗೆ ಮುಖ ಮಾಡಿ ಯಾಕೆ ಕೂರುತ್ತಾಳೆ ಎಂಬ ಪ್ರಶ್ನೆ ಗಂಗೋತ್ರಿಗೆ ಎದ್ದದ್ದು ಮನೆಯಲ್ಲಲ್ಲ, ತರಗತಿಯಲ್ಲಿ, ಬೋರ್ಡಿನ ಮೇಲೆ ಗ್ಲೂಕೋಸಿನ ಆರು ಮೂಲೆಯ ಉಂಗುರವನ್ನು ಬರೆಯುತ್ತಿದ್ದಾಗ. ಐದು ಮೂಲೆ ಮುಗಿದಿತ್ತು. ಆರನೆಯದಕ್ಕೆ ಕೈ ಹೋಗುವಷ್ಟರಲ್ಲಿ ಅತ್ತೆಯ ಬೆನ್ನು ಕಣ್ಣ ಮುಂದೆ ಬಂದು ನಿಂತಿತು. ಅಗಲವಾದ ಬೆನ್ನು, ಬಾಗಿದ ಕತ್ತು, ಕೂಸಿನ ಮೇಲೆ ಡೇರೆ ಹಾಕಿದಂತೆ ಮುಚ್ಚಿದ ಸೆರಗು, ಆ ಸೆರಗಿನೊಳಗೆ ಏನು ನಡೆಯುತ್ತದೋ ಯಾರಿಗೂ ಕಾಣದು. ಹೆಣ್ಣುಮಕ್ಕಳು ಕಾಪಿ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಅವಳು ಉಂಗುರ ಮುಚ್ಚಿ, ತೆಲುಗು ಕನ್ನಡ ಇಂಗ್ಲಿಷು ಮೂರನ್ನೂ ಕಲಸಿ ಪಾಠ ಮುಂದುವರಿಸಿದಳು: ಇಂಥ ಒಂದೊಂದು ಉಂಗುರ ಇನ್ನೊಂದರ ಕೈ ಹಿಡಿದು, ಅದು ಮತ್ತೊಂದರ ಕೈ ಹಿಡಿದು ಉದ್ದಕ್ಕೆ ನಿಂತರೆ ಅದೇ ಪಿಷ್ಟ, ಅಕ್ಕಿ, ರಾಗಿ, ಆಲೂಗಡ್ಡೆ ಎಲ್ಲದರ ಹೊಟ್ಟೆಯಲ್ಲೂ ಇರುವುದು ಅದೇ ಸರಪಳಿ, ನಮ್ಮ ಮೈಯ ಕಿಣ್ವಗಳು ಆ ಸರಪಳಿಯನ್ನು ಕಡಿದು ಕಡಿದು ಮತ್ತೆ ಸಕ್ಕರೆ ಮಾಡುತ್ತವೆ. ಎಳೆಯ ಕೂಸಿನ ಕರುಳಲ್ಲಿ ಆ ಕಿಣ್ವ ಇನ್ನೂ ಸಾಲದು, ಆದ್ದರಿಂದಲೇ ಮೊದಲ ತಿಂಗಳುಗಳಲ್ಲಿ ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಬಾರದು ಎಂದಳು. ಹಾಗೆಂದವಳ ಎದೆ ಆಗಲೇ ಬಿಗಿದು ರವಿಕೆ ಒದ್ದೆಯಾಗುತ್ತಿತ್ತು. ಸೆರಗನ್ನು ಇನ್ನೊಂದು ಸುತ್ತು ಎಳೆದುಕೊಂಡಳು. ಗಂಜಿ ಹಾಕಿದ ಗಟ್ಟಿ ಸೆರಗು, ಹೊರಗೆ ಏನೂ ಕಾಣಿಸುವುದಿಲ್ಲ.

ಆ ಗಂಜಿ ಹಾಕುವವಳೂ ಅತ್ತೆಯೇ. ಅನ್ನದಾನಮ್ಮ ಮಡಕಶಿರಾದಿಂದ ಬಂದದ್ದು ತಾಯಿಯಿಲ್ಲದ ಸೊಸೆಯ ಬಾಣಂತನಕ್ಕೆಂದು. ಬಾಣಂತನ ಮುಗಿದರೂ ಹೋಗಲಿಲ್ಲ. ಗಂಗೋತ್ರಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್, ಪಾಠ ಮಾಡಿದರೆ ಸಂಬಳ, ಮನೆಯಲ್ಲಿ ಕೂತರೆ ಆ ಜಾಗಕ್ಕೆ ಇನ್ನೊಬ್ಬರು. ಆದ್ದರಿಂದ ನಾಲ್ಕು ತಿಂಗಳ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಹಾಲು ಹಿಂಡಿ ಸ್ಟೀಲಿನ ಲೋಟದಲ್ಲಿ ಫ್ರಿಜ್ಜಿಗಿಟ್ಟು, ದಿನಾ ಬೆಳಿಗ್ಗೆ ಕಳ್ಳಿಯ ಹಾಗೆ ಮನೆ ಬಿಡುತ್ತಿದ್ದಳು. ಅವಳಿಗಿಂತ ಮುಂಚೆ ಎದ್ದು ಅನ್ನ ಬಸಿದು, ಆ ಗಂಜಿಯಲ್ಲಿ ಕಾಟನ್ ಸೀರೆ ಅದ್ದಿ, ಚೆನ್ನಾಗಿ ಕೊಡವಿ, ಮಹಡಿಯ ತಂತಿಯ ಮೇಲೆ ಒಂದು ಸುಕ್ಕೂ ಇಲ್ಲದಂತೆ ಹರವುತ್ತಿದ್ದಳು ಅತ್ತೆ. “ಮೇಡಮ್ಮೋರು ಅಂದ್ರೆ ಸೀರೆ ಸರಬರ ಅನ್ಬೇಕು ಕಣವ್ವ, ಇಲ್ದಿದ್ರೆ ಹುಡುಗ್ರು ಮಾತು ಕೇಳಲ್ಲ” ಎನ್ನುತ್ತಿದ್ದಳು. ಮೊದಮೊದಲು ಗಂಗೋತ್ರಿಗೆ ಹಿತವಾಗಿತ್ತು. ಅವಳ ತಲೆಗೂದಲಿಗೆ ಎಣ್ಣೆ ಹಾಕುವವರು ಕೂಡ ಇಲ್ಲದೆ ಎಷ್ಟೋ ವರ್ಷ ಕಳೆದಿದ್ದವು. ಆದರೆ ಅನುಮಾನ ಒಂದು ಸಲ ಒಳಗೆ ಕೂತ ಮೇಲೆ ಹಿತವಾದದ್ದೇ ಮೊದಲು ಕಹಿಯಾಗುವುದು. ನನ್ನನ್ನು ಬೇಗ ಹೊರಗೆ ಕಳಿಸುವುದಕ್ಕೇ ಈ ಸೀರೆಯ ಉಪಚಾರವೇ? ನಾನು ಗೇಟು ದಾಟಿದ ಮೇಲೆ ಕೂಸು ಯಾರದು? ಊಟಕ್ಕೆ ಕೂತರೆ ತಟ್ಟೆಗೆ ಬೇಡವೆಂದರೂ ಸಬ್ಬಸಿಗೆ ಸೊಪ್ಪಿನ ಪಲ್ಯ ಬೀಳುತ್ತಿತ್ತು, ಮೇಲೆ ಹುರಿದ ಬೆಳ್ಳುಳ್ಳಿ, ಮೇಲೆ ಒಂದು ಲೋಟ ಹಾಲು. “ತಿನ್ನವ್ವ, ಇನ್ನೊಂಚೂರು ತಿನ್ನು.” ಆ ಒತ್ತಾಯದಲ್ಲೂ ಏನೋ ಇದೆ ಎನಿಸತೊಡಗಿತು. ಹೇಳಬೇಕಾದ್ದನ್ನು ಹೇಳದೆ ಬಾಯಿಗೆ ಊಟ ತುರುಕುವವರನ್ನು ನಂಬುವುದು ಹೇಗೆ?

ಇಷ್ಟಕ್ಕೂ ಕಾರಣ ಅಂಗನವಾಡಿಯ ತಕ್ಕಡಿ. ಕೂಸನ್ನು ತೂಗಿದ ನರ್ಸಮ್ಮ, “ಈ ತಿಂಗಳು ಏನೂ ಏರಿಲ್ಲಲ್ರೀ, ಹಾಲು ಸರಿಯಾಗಿ ಕುಡೀತದಾ?” ಎಂದು ಕೇಳಿದಾಗ ಸುತ್ತ ನಿಂತ ಹೆಂಗಸರೆಲ್ಲ ಗಂಗೋತ್ರಿಯ ಸರಬರ ಸೀರೆಯನ್ನೂ ಹೆಗಲಿನ ವ್ಯಾನಿಟಿ ಬ್ಯಾಗನ್ನೂ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಒಂದು ಜವಾಬು ಕೊಟ್ಟು ಹಗುರಾಗಬಹುದಿತ್ತು. ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗುವ ತಾಯಿ ಎಂಬ ಮಾತು ಯಾರ ಬಾಯಿಂದಲೂ ಬರದೆ ಅವಳ ಕಿವಿಯಲ್ಲೇ ಹುಟ್ಟಿ ಅಲ್ಲೇ ಉಳಿಯಿತು. ತಪ್ಪು ತನ್ನದಿರಬಹುದು ಎಂದು ಒಪ್ಪುವುದಕ್ಕಿಂತ ಇನ್ನೊಬ್ಬರು ಏನೋ ಮಾಡುತ್ತಿದ್ದಾರೆ ಎಂದು ನಂಬುವುದು ಎಷ್ಟು ಸುಲಭ! ಹಿಂಡಿಟ್ಟ ಹಾಲಿನ ಬಗ್ಗೆ ಅತ್ತೆಗೆ ಮೊದಲಿನಿಂದಲೂ ಅಸಮಾಧಾನವಿತ್ತು. ಎದೆಯಿಂದ ನೇರ ಬಾಯಿಗೆ ಹೋಗಬೇಕಾದ ಹಾಲು ಲೋಟಕ್ಕೆ ಬಂದರೆ ಅದರ ಮೇಲೆ ಕಣ್ಣು ಬೀಳುತ್ತದೆ ಎನ್ನುತ್ತಿದ್ದಳು. ಅದಕ್ಕೇ ಲೋಟದ ಮುಚ್ಚಳದ ಮೇಲೊಂದು ಇದ್ದಿಲ ಚೂರು. ಅದಕ್ಕೇ ಮಡಕಶಿರಾದಿಂದ ತಂದ ಬೆಳ್ಳಿಯ ಒಳಲೆ, ಗಂಗೋತ್ರಿಯ ಗಂಡ ಸಿದ್ದರಾಮೇಶನಿಗೂ ಅವನಣ್ಣನಿಗೂ ಕುಡಿಸಿದ್ದ, ತುದಿಯಲ್ಲಿ ಮೂತಿ ಇರುವ ಆ ಪುಟ್ಟ ಪಾತ್ರೆ. ಹಾಗಾದರೆ ಕಣ್ಣು ಬಿದ್ದ ಹಾಲನ್ನು ಅತ್ತೆ ಬಚ್ಚಲಿಗೆ ಚೆಲ್ಲಿ, ಗೋಡೆಗೆ ತಿರುಗಿ ಬೇರೆ ಏನನ್ನೋ ಕುಡಿಸುತ್ತಿದ್ದರೆ? ಅನ್ನದ ತಿಳಿಯನ್ನೋ, ರಾಗಿ ಸರಿಯನ್ನೋ? ಮಾರನೆಯ ದಿನ ಪ್ರಯೋಗಾಲಯದ ಕಪಾಟಿನಿಂದ ಅಯೋಡಿನ್ ದ್ರಾವಣದ ಸಣ್ಣ ಸೀಸೆಯೊಂದನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಅಟೆಂಡರ್ ನಮಸ್ಕಾರ ಹೇಳಿದರೆ ಬೆಚ್ಚಿಬಿದ್ದಳು.

ಹೇಳದೆ ಕೇಳದೆ ಮಧ್ಯಾಹ್ನವೇ ಮನೆಗೆ ಬಂದಳು. ಬಿಸಿಲಿಗೆ ಮೈಯೆಲ್ಲ ಬೆವೆತಿತ್ತು. ಅತ್ತೆ ಗೋಡೆಗೊರಗಿ ಕಾಲು ನೀಡಿ ಕೂತಲ್ಲೇ ತೂಕಡಿಸುತ್ತಿದ್ದಳು. ನೀಡಿದ ಕಾಲ ಮೇಲೆ ಕೂಸು ಮಲಗಿತ್ತು. ಎದ್ದರೆ ಕೂಸು ಏಳುತ್ತದೆಂದು ಒಳಲೆಯನ್ನು ತೊಳೆಯದೆ ಪಕ್ಕದಲ್ಲೇ ಇಟ್ಟಿದ್ದಳು. ತಳದಲ್ಲಿ ಒಂದು ಗುಟುಕಿನಷ್ಟು ಹಾಲು ಉಳಿದಿತ್ತು. ಗಂಗೋತ್ರಿ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಅದನ್ನೆತ್ತಿಕೊಂಡು ಅಡಿಗೆಮನೆಗೆ ಬಂದಳು. ಹಾಲಿನಲ್ಲಿ ಒಂದು ನೊಣದ ಮರಿ ಬಿದ್ದು ಒದ್ದಾಡುತ್ತಿತ್ತು. ಸೆರಗಿನ ಚುಂಗನ್ನು ಹಾಲಿಗೆ ಅದ್ದಿ ಅದನ್ನೆತ್ತಿ ಬಿಸಾಕಿದಳು. ನೊಣ ಬಿದ್ದದ್ದನ್ನೂ ಕುಡಿಸುತ್ತಾಳೋ ಏನೋ ಎಂದು ಇನ್ನೊಂದು ಅನುಮಾನ ಅದೇ ಗಳಿಗೆಯಲ್ಲಿ ಹುಟ್ಟಿತು. ಸೀಸೆಯ ಮುಚ್ಚಳ ತೆಗೆದಳು. ಬರೀ ಹಾಲಾಗಿದ್ದರೆ ಹನಿ ಹಳದಿಯಾಗಿಯೇ ಉಳಿಯಬೇಕು. ಉಳಿಯಲಿ ದೇವರೇ ಎಂದು ಬೇಡಿಕೊಂಡಳೇ, ಉಳಿಯದಿರಲಿ ಎಂದೇ? ಇದನ್ನು ಅವಳು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಹನಿ ಬಿತ್ತು. ಹಳದಿ ಒಂದು ಕ್ಷಣ ಅನುಮಾನಿಸಿತು, ಆಮೇಲೆ ಒಳಲೆಯ ತಳ ನೀಲಿಗಟ್ಟಿತು, ನೀಲಿ ಇನ್ನೂ ಕಪ್ಪಾಯಿತು. ಗಂಗೋತ್ರಿಗೆ ಭಯದ ಜೊತೆಗೇ ಒಂದು ಸಮಾಧಾನವೂ ಆಯಿತು. ನನ್ನದಲ್ಲ, ತಪ್ಪು ನನ್ನದಲ್ಲ.

ಸಿದ್ದರಾಮೇಶ್ ಊಟಕ್ಕೆ ಬರುವ ತನಕ ಅವಳು ಬಾಯಿ ಬಿಡಲಿಲ್ಲ. ಅವನದು ಜೀನ್ಸ್ ಹೊಲಿಯುವ ಮನೆಗಳಿಗೆ ದಾರ, ಜಿಪ್ಪು, ಗುಂಡಿ ಮಾರುವ ಅಂಗಡಿ. ತಲೆಗೂದಲಲ್ಲಿ ನೀಲಿ ನೂಲಿನ ಎಳೆ ಸಿಕ್ಕಿಸಿಕೊಂಡೇ ಒಳಗೆ ಬಂದ. ಗಂಗೋತ್ರಿ ಒಳಲೆಯನ್ನು ನಡುಮನೆಯ ನೆಲದ ಮೇಲಿಟ್ಟಳು.

“ಅತ್ತಿ, ಕೂಸಿಗೆ ಏನ್ ಕುಡಿಸೀರಿ?”

“ನೀನು ಇಕ್ಕೋಗಿದ್ದ ಹಾಲೇ ಕಣವ್ವ. ಇನ್ನೇನು ಕುಡಿಸ್ಲಿ?” ಅನ್ನದಾನಮ್ಮ ಕಣ್ಣುಜ್ಜಿಕೊಂಡಳು. ಒಳಲೆಯ ತಳ ನೋಡಿ, “ಅಯ್ಯೋ, ಇದೇನವ್ವ ಇಂಗೆ ಕರ್ರಗೆ?” ಎಂದಳು.

“ಪಿಷ್ಟ ಇದ್ದರ ಮಾತ್ರ ಹಿಂಗಾಗ್ತದ್ರಿ. ತಾಯಿ ಹಾಲಾಗ ಸಕ್ಕರಿ ಇರ್ತದ, ಕೊಬ್ಬು ಇರ್ತದ, ಪ್ರೋಟೀನು ಇರ್ತದ, ಪಿಷ್ಟ ಇರಂಗಿಲ್ಲ. ಅದು ಹೊರಗಿಂದನ ಬರ್ಬೇಕು. ಯಾಕ್ರಿ ಅತ್ತಿ, ಯಾಕ ಹಾಕಿದ್ರಿ? ಅನ್ನದ ತಿಳಿನಾ, ರಾಗಿನಾ?”

“ನಾಕು ತಿಂಗಳ ಕೂಸಿಗೆ ಯಾರಾನ ರಾಗಿ ಇಕ್ತಾರೇನವ್ವ? ಇಬ್ರು ಮಕ್ಕಳನ್ನ ಸಾಕ್ದೋಳು ನಾನು.”

“ಬಣ್ಣ ಸುಳ್ಳು ಹೇಳಂಗಿಲ್ರಿ.”

ಸಿದ್ದರಾಮೇಶ್ ಒಂದು ಸಲ ತಾಯಿಯನ್ನು, ಒಂದು ಸಲ ನೀಲಿಯನ್ನು ನೋಡಿದ. ಹೆಂಡತಿ ಎಮ್ಮೆಸ್ಸಿ ಓದಿದವಳು, ತಾನು ಇಂಟರ್ ಫೇಲು. ಅವನು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ, “ಅಮ್ಮ, ಅಳ್ತಿತ್ತು ಅಂತ ಏನಾನ ಒಂಚೂರು ನೆಕ್ಸಿದ್ರೆ ಹೇಳ್ಬಿಡು. ಯಾರೂ ಏನೂ ಅನ್ನಲ್ಲ” ಎಂದ.

ಆ ಮೆತ್ತನೆಯ ದನಿಯೇ ಅವಳನ್ನು ಹೊಡೆದಿರಬೇಕು. ಅನ್ನದಾನಮ್ಮ ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಗೋತ್ರಿಯನ್ನು ಕೇಳಿದಳು: “ಆ ಹನಿಗೆ ಗೊತ್ತಾಗ್ತೈತೇನವ್ವ, ನಾನು ಹಾಕಿದ್ನೋ ಇಲ್ವೋ ಅಂತ?”

“ಗೊತ್ತಾಗ್ತದ್ರಿ.”

“ಅಂಗಾದ್ರೆ ಹಾಕಿದ್ನೇನೋ ಬಿಡವ್ವ. ನಂಗೇ ಮರ್ತೋಗಿರ್ಬೇಕು.”

ಜಗಳವಾಡಿದ್ದರೆ, ಎದೆ ಬಡಿದುಕೊಂಡಿದ್ದರೆ ಗಂಗೋತ್ರಿ ಗೆದ್ದುಬಿಡುತ್ತಿದ್ದಳು. ಹೀಗೆ ಒಪ್ಪಿಕೊಂಡವಳ ಎದುರು ಏನು ಮಾಡಬೇಕೆಂದು ತೋಚದೆ ಒಳಲೆಯನ್ನು ಎತ್ತಿಕೊಂಡು ಹೋಗಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ಒಪ್ಪಿಗೆಯೂ ಒಂದು ನಾಟಕವಿರಬಹುದೇ ಎಂದುಕೊಂಡಳು. ಮಾರನೆಯ ಬೆಳಿಗ್ಗೆ ಅತ್ತೆ ಚೀಲ ಕಟ್ಟಿದ್ದಳು. “ಅಲ್ಲಿ ಬಿತ್ತನೆ ಕಡ್ಲೇಕಾಯಿ ಸುಲಿಯೋದೈತೆ, ಸುನೀತ ಒಬ್ಳೇ ಅವ್ಳೆ” ಎಂದಳು, ಮಡಕಶಿರಾದ ಹಿರಿಯ ಸೊಸೆಯ ಹೆಸರು ಹೇಳಿ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆಯೆಂದು ಆಧಾರ್ ಕಾರ್ಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಬೇಡ ಎಂದರೂ ಕೇಳದೆ ಬಸ್ಸಿನ ತನಕ ಬಿಡಲು ಬಂದ ಮಗನ ಬೈಕಿನ ಹಿಂದೆ ಕೂತಳು. ಹೊರಡುವ ಮುಂಚೆ ಮಲಗಿದ್ದ ಕೂಸನ್ನು ಬಾಗಿಲಲ್ಲಿ ನಿಂತೇ ನೋಡಿದ್ದಳು, ಮುಟ್ಟಿರಲಿಲ್ಲ. ಅವಳು ಹೋದ ಮೇಲೆ ಗಂಗೋತ್ರಿ ಮಹಡಿಗೆ ಹೋದರೆ ತಂತಿಯ ಮೇಲೆ ತನ್ನ ಬೂದುಬಣ್ಣದ ಸೀರೆ ಗಂಜಿ ಹೀರಿಕೊಂಡು ಒಂದು ಸುಕ್ಕೂ ಇಲ್ಲದೆ ಹರಡಿತ್ತು. ಹೋಗುವ ದಿನವೂ ಎದ್ದು ಅನ್ನ ಬಸಿದಿದ್ದಳು.

ಕೂಸು ಈಗ ಕೆಳಗಿನ ಮನೆಯ ಈಶ್ವರಮ್ಮನ ಬಳಿ. ಈಶ್ವರಮ್ಮ ಒಳ್ಳೆಯವಳು, ಮನಸ್ಸಿಗೆ ಬಂದದ್ದು ನಾಲಗೆಯ ಮೇಲೆ. ಮೊದಲ ದಿನ ಸಂಜೆಯೇ ಖಾಲಿ ಲೋಟ ಎತ್ತಿ ತೋರಿಸಿ, “ನಿಮ್ಮ ಹಾಲು ಸಾಲವಲ್ದು ನೋಡ್ರಿ ಮೇಡಮ್ಮಾರೆ. ಪೂರಾ ಕುಡಿದು ಮತ್ತೆ ಬಾಯಿ ಚಪ್ಪರಸ್ತದ. ಡಾಕ್ಟರಿಗೆ ತೋರ್ಸ್ರಿ” ಎಂದಳು. ಗಂಗೋತ್ರಿ ಮೆಟ್ಟಿಲು ಹತ್ತುತ್ತ ಅರ್ಧದಲ್ಲೇ ನಿಂತಳು. ಸಬ್ಬಸಿಗೆ ಸೊಪ್ಪು. ಹುರಿದ ಬೆಳ್ಳುಳ್ಳಿ. ಇನ್ನೊಂಚೂರು ತಿನ್ನವ್ವ. ಹಾಲು ಕಮ್ಮಿಯಾಗುತ್ತಿದ್ದದ್ದು ಅತ್ತೆಗೆ ದಿನಾ ಕಾಣುತ್ತಿತ್ತು. ನಿನ್ನ ಹಾಲು ಸಾಲದು ಎಂಬ ಮಾತನ್ನು ಸೊಸೆಗೆ ಹೇಳಲಾರದೆ ತಟ್ಟೆಗೆ ಬಡಿಸುತ್ತಿದ್ದಳೇ? ಹಾಗಿರಲಾರದು, ನೀಲಿ ನೀಲಿಯೇ ಎಂದು ತನಗೆ ತಾನೇ ಹೇಳಿಕೊಂಡಳು. ಹಾಲು ಸಾಲದೆ ಅತ್ತದ್ದಕ್ಕೇ ತಿಳಿ ಬೆರೆಸಿರಬೇಕು. ಅನುಮಾನಕ್ಕೆ ಹೊಸ ಕಾರಣ ಸಿಕ್ಕಿತ್ತು, ಆದರೆ ಮೊದಲಿನ ಹುರುಪು ಇರಲಿಲ್ಲ.

ವಾರ ಕಳೆದ ಮೇಲೆ ಪ್ರಾಕ್ಟಿಕಲ್ ತರಗತಿ. ಬೇರೆ ಸೀರೆಗಳೆಲ್ಲ ಮುದುರಿ ಬಿದ್ದಿದ್ದವು, ಗಂಗೋತ್ರಿ ಆ ಬೂದು ಸೀರೆಯನ್ನೇ ಉಟ್ಟು ಹೋದಳು. ಮೇಜುಗಳ ಮೇಲೆ ಎಲ್ಲ ಸಜ್ಜಾಗಿತ್ತು. ಮೊಟ್ಟೆಯ ಬಿಳಿಗೆ ದ್ರಾವಣ ಹಾಕಿದರೆ ನೇರಳೆ, ಅದು ಪ್ರೋಟೀನು. ಶೇಂಗಾ ಬೀಜವನ್ನು ಕಾಗದಕ್ಕೆ ತಿಕ್ಕಿದರೆ ಬೆಳಕು ತೂರುವ ಎಣ್ಣೆಯ ಕಲೆ, ಅದು ಕೊಬ್ಬು. ಆಲೂಗಡ್ಡೆಯ ಹೋಳಿಗೆ ಅಯೋಡಿನ್. “ಮೇಡಂ, ನಮ್ಮ ಮೈಯೆಲ್ಲಾ ಇವೇನಾ? ಎಣ್ಣಿ, ಸಕ್ಕರಿ, ಮೊಟ್ಟಿ?” ಎಂದು ಅಂಜನಾ ಎಂಬ ಹುಡುಗಿ ಕೇಳಿದಳು. ಎಲ್ಲರೂ ನಕ್ಕರು. ಹೆಚ್ಚು ಕಡಿಮೆ ಇವೇ ಎಂದು ಗಂಗೋತ್ರಿಯೂ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. ಆ ನಗೆಯ ಗದ್ದಲದಲ್ಲೇ ಅಂಜನಾಳ ಮೊಣಕೈ ತಗುಲಿ ಸೀಸೆ ವಾಲಿತು, ಗಂಗೋತ್ರಿಯ ಸೆರಗಿನ ಮೇಲೆ ನಾಲ್ಕಾರು ಹನಿ ಸಿಡಿದವು.

“ಅಯ್ಯೋ ಸಾರಿ ಮೇಡಂ! ಸಾರಿರಿ!”

ಹನಿ ಬಿದ್ದಲ್ಲೆಲ್ಲ ಸೆರಗು ನೀಲಿಯಾಯಿತು. ನೀಲಿ ಕಪ್ಪಾಯಿತು. ಹುಡುಗಿ ಒದ್ದೆ ಬಟ್ಟೆ ಹುಡುಕಿಕೊಂಡು ಓಡಿದಳು. ಇನ್ನೊಬ್ಬಳು, “ಮೇಡಂ ಸೀರ್ಯಾಗೂ ಪಿಷ್ಟ ಐತಿ!” ಎಂದಳು. ಮತ್ತೆ ನಗೆ. ಗಂಗೋತ್ರಿ ಸೆರಗಿನ ಚುಂಗನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಹಾಲಿನಲ್ಲಿ ಒದ್ದಾಡುತ್ತಿದ್ದ ನೊಣದ ಮರಿ ನೆನಪಾಯಿತು. ಅದನ್ನು ಎತ್ತಿದ ಬೆರಳು, ಬೆರಳಿಗೆ ಸುತ್ತಿದ ಸೆರಗು.

ಅಷ್ಟಕ್ಕೇ ನಂಬದಿರುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಹುಡುಗಿಯರನ್ನು ಕಳಿಸಿ, ಸ್ಟಾಫ್ ರೂಮಿನಲ್ಲಿ ಚಹಾಕ್ಕೆಂದು ತರಿಸಿದ್ದ ಹಾಲಿನಲ್ಲಿ ಸ್ವಲ್ಪ ತಂದು ಎರಡು ಗಾಜಿನ ಬಟ್ಟಲಿಗೆ ಹಾಕಿದಳು. ಒಂದಕ್ಕೆ ಬರೀ ಹನಿ ಬಿಟ್ಟಳು. ಹಳದಿ. ಈ ಹಾಲೂ ನೀಲಿಯಾಗಲಿ, ಊರಿನ ಹಾಲೆಲ್ಲ ನೀಲಿಯಾಗಲಿ ಎಂದು ಈ ಸಲ ಸ್ಪಷ್ಟವಾಗಿಯೇ ಬೇಡಿಕೊಂಡಳು. ಹಾಗಾದರೆ ತಪ್ಪು ಹನಿಯದಾಗುತ್ತಿತ್ತು, ತನ್ನದಲ್ಲ. ಆಗಲಿಲ್ಲ, ಹಳದಿಯಾಗಿಯೇ ಉಳಿಯಿತು. ಎರಡನೆಯದಕ್ಕೆ ಸೆರಗಿನ ಇನ್ನೊಂದು ಚುಂಗನ್ನು ಅದ್ದಿ, ನೊಣ ತೆಗೆದ ಹಾಗೆಯೇ ಎತ್ತಿ, ಹನಿ ಬಿಟ್ಟಳು. ನೀಲಿ. ಬಣ್ಣ ಸುಳ್ಳು ಹೇಳಿರಲಿಲ್ಲ. ಪಿಷ್ಟ ಹೊರಗಿನಿಂದಲೇ ಬಂದಿತ್ತು, ಅವಳ ಮೈಮೇಲಿನಿಂದಲೇ ಬಂದಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅನ್ನ ಬಸಿಯುವವಳನ್ನು ಅದೇ ಗಂಜಿಯಿಂದ ಕಳ್ಳಿ ಮಾಡಿದ್ದಳು. ಖಾಲಿ ಪ್ರಯೋಗಾಲಯದಲ್ಲಿ ಸ್ಟೂಲಿನ ಮೇಲೆ ಕೂತು ಗಂಗೋತ್ರಿ ಅತ್ತಳು. ತಾನು ಎಂಥ ಸಣ್ಣ ಮನಸ್ಸಿನವಳು ಎಂದು ನಾಚಿಕೆಯಾಗಿ ಅತ್ತಳು. ಸಿದ್ದರಾಮೇಶನಿಗೆ ಅಂದೇ ಸಂಜೆ ಹೇಳಿದಾಗ ಅವನು ಬೈಯಲಿಲ್ಲ. “ನಾನೂ ಕೇಳಿದ್ನಲ್ಲೇ ಅಮ್ಮನ್ನ” ಎಂದಷ್ಟೇ ಹೇಳಿ ಹೊರಗೆ ಹೋಗಿ ಬೈಕಿನ ಮೇಲೆ ಸುಮ್ಮನೆ ಕೂತ.

ಭಾನುವಾರ ಕೂಸನ್ನು ಎತ್ತಿಕೊಂಡು ಅವಳೊಬ್ಬಳೇ ಹೊರಟಳು. ಅವನು ಬರುತ್ತೇನೆಂದ. ಬೇಡ, ನಾನು ಮಾಡಿದ್ದು ನಾನೇ ಹೇಳಬೇಕು ಎಂದಳು. ಬ್ಯಾಗಿನಲ್ಲಿ ಒಳಲೆಯನ್ನು ಇಟ್ಟುಕೊಂಡಿದ್ದಳು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ಪಕ್ಕದ ಹೆಂಗಸು ಕೂಸಿನ ಕೆನ್ನೆ ಚಿವುಟಿ, “ಪಾಪಕು ಪಾಲು ಸರಿಪೋತುನ್ನಾಯಾ?” ಎಂದು, ಕೂಸಿಗೆ ಹಾಲು ಸಾಲುತ್ತದಾ ಎಂದು, ತೆಲುಗಿನಲ್ಲಿ ಕೇಳಿದಳು. ಈ ಪ್ರಶ್ನೆಗೆ ಮೊನ್ನೆಯವರೆಗೆ ಮೈ ಉರಿಯುತ್ತಿತ್ತು. “ಚಾಲಡಂ ಲೇದಮ್ಮಾ, ಮಂದು ವಾಡ್ತುನ್ನಾ” ಎಂದಳು, ಸಾಲುತ್ತಿಲ್ಲ, ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದು. ಬಾಯಿಬಿಟ್ಟು ಹೇಳಿದ ಮೇಲೆ ಅದು ಅಂಥ ದೊಡ್ಡ ಮಾತೇನೂ ಆಗಿರಲಿಲ್ಲ. ಕಿಟಕಿಯಾಚೆ ಬಂಡೆಗಳು, ಕುರಿಗಳು, ಮತ್ತೆ ಬಂಡೆಗಳು. ಅತ್ತೆ ಬೈಯಲಿ, ಎಲ್ಲರ ಮುಂದೆ ಬೈಯಲಿ ಎಂದು ದಾರಿಯುದ್ದಕ್ಕೂ ಆಸೆಪಟ್ಟಳು. ಮರುಕ್ಷಣವೇ, ಬೈಸಿಕೊಂಡು ಹಗುರಾಗುವ ಈ ಆಸೆಯೂ ಒಂದು ಜಾಣತನವೇ ಅಲ್ಲವೇ ಎಂದು ತನ್ನ ಮೇಲೇ ಅನುಮಾನ ಪಟ್ಟಳು.

ಮಡಕಶಿರಾದ ಮನೆಯ ಪಡಸಾಲೆಯಲ್ಲಿ ಅನ್ನದಾನಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. ಸುನೀತಾ ನೀರು ತಂದುಕೊಟ್ಟು, ಇಬ್ಬರ ಮುಖವನ್ನೂ ನೋಡಿ, ತನ್ನ ಮಗುವನ್ನು ಕರೆದುಕೊಂಡು ಒಳಗೆ ಹೋದಳು. ಗಂಗೋತ್ರಿ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಕೂತಳು.

“ಅತ್ತಿ, ಅದು ನನ್ನ ಸೀರಿ ಗಂಜಿರಿ. ಹಾಲಾಗ ನೊಣ ಬಿದ್ದಿತ್ತು, ಸೆರಗಿಂದ ತೆಗ್ದಿದ್ದೆ. ನೀವೇನೂ ಹಾಕಿದ್ದಿಲ್ಲ. ನನ್ನದು ತಪ್ಪಾತ್ರಿ.”

ಅನ್ನದಾನಮ್ಮನ ಬೆರಳು ನಿಂತವು. “ಗಂಜೀನಾ?”

“ಹೌದ್ರಿ.”

“ನಾನು ಹಾಕಿದ್ದಲ್ಲ ಅಂಗಾದ್ರೆ? ದಿಟವಾಗ್ಲೂ?”

“ಅಲ್ರಿ ಅತ್ತಿ. ದಿಟವಾಗ್ಲೂ.”

ಬೈಗುಳ ಬರಲಿಲ್ಲ. ಅನ್ನದಾನಮ್ಮ ದೊಡ್ಡದಾಗಿ ಉಸಿರು ಬಿಟ್ಟು, ಸುಲಿದ ಕಾಳನ್ನು ಮೊರಕ್ಕೆ ಹಾಕಿ, ಗೋಡೆಗೆ ಒರಗಿದಳು. “ದಿನಾ ಕುಂತು ನೆಪ್ಪು ಮಾಡ್ಕಂತಿದ್ದೆ ಕಣವ್ವ. ನಂಗೆ ಅರಳುಮರಳು ಬಂದು ಕೈ ತಾನೇ ಏನಾನ ಕಲಸಿಬಿಡ್ತೇನೋ ಅಂತ. ಓದ್ದೋಳು ನೀನು, ಹನಿ ಹಾಕಿ ಹೇಳ್ದೆ. ಅವತ್ತಿಂದ ಸುನೀತನ ಮಗೀಗೂ ನಾನು ತುತ್ತು ಇಕ್ಕಿಲ್ಲ. ನನ್ನ ಕೈ ಮ್ಯಾಲೆ ನಂಗೇ ಭಯ.”

ಮಡಿಲಲ್ಲಿ ಕೂಸು ಬಾಯಿ ಚಪ್ಪರಿಸಿ ಅಳಲು ಶುರುಮಾಡಿತು. ಅವಳು ಒಳಕೋಣೆಗೆ ಹೋಗಿ, ಬಂದಷ್ಟು ಹಾಲನ್ನು ಲೋಟಕ್ಕೆ ಹಿಂಡಿ ತಂದು, ಒಳಲೆಯನ್ನೂ ಲೋಟವನ್ನೂ ಅತ್ತೆಯ ಮುಂದಿಟ್ಟಳು. “ನೀವ ಕುಡಿಸ್ರಿ ಅತ್ತಿ.” ಅನ್ನದಾನಮ್ಮ ಮೊಣಕೈಯವರೆಗೂ ಕೈ ತೊಳೆದುಕೊಂಡು ಬಂದು ಕೂಸನ್ನು ತೊಡೆಗೆ ಹಾಕಿಕೊಂಡಳು. ಆದರೆ ಗೋಡೆಗೆ ತಿರುಗಲಿಲ್ಲ. ಸೊಸೆಯ ಎದುರಿಗೆ ಬೆಳಕಿನಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಲೋಟವನ್ನು ಕಾಣುವ ಹಾಗೆ ಎತ್ತಿ, ಹಾಲನ್ನು ನಿಧಾನವಾಗಿ ಒಳಲೆಗೆ ಬಗ್ಗಿಸಿದಳು.

“ಗೋಡಿ ಕಡಿ ತಿರುಗ್ರಿ ಅತ್ತಿ,” ಎಂದಳು ಗಂಗೋತ್ರಿ, “ಕೂಸಿಗೆ ಕಣ್ಣಾಗ್ತದ.”

“ಬ್ಯಾಡ ಕಣವ್ವ,” ಎಂದಳು ಅನ್ನದಾನಮ್ಮ, ತಲೆಯೆತ್ತದೆ. “ನಿಂಗೆ ಕಾಣ್ಲಿ.”